ಶೇಂಗಾ ಪರ ನಿಂತ ಕುರಿಗಾರನ ಮಗಳು

ಶೇಂಗಾ ಕಿತ್ತು ಮುಗಿಯುವ ದಿನಗಳಲ್ಲಿ ನಮ್ಮ ಕಡೆ ಒಂದು ವಾಸನೆ ಇರುತ್ತಿತ್ತು. ಕೆಂಪು ಮಣ್ಣು, ಬಾಡಿದ ಬಳ್ಳಿ, ಬದುವಿನ ಮೇಲೆ ಮಕ್ಕಳು ಸುಟ್ಟ ಹಸಿಕಾಯಿ, ಎಲ್ಲ ಸೇರಿದ ವಾಸನೆ. ತಳಕಿನ ಸುತ್ತಮುತ್ತ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗೆಲ್ಲ ಶಾಲೆ ಬಿಟ್ಟ ಕೂಡಲೇ ಹೊಲಕ್ಕೆ ನುಗ್ಗಿ, ಕಿತ್ತ ಮೇಲೂ ಮಣ್ಣಲ್ಲೇ ಉಳಿದ ಕಾಯಿಯ ಹಕ್ಕಲು ಆಯುತ್ತಿದ್ದೆವು. ಅರ್ಧ ಅಲ್ಲೇ ಸುಟ್ಟು ತಿಂದು, ಅರ್ಧ ಲಂಗದಲ್ಲಿ ಕಟ್ಟಿಕೊಂಡು, ಬಾಯಿ ಸುತ್ತ ಮಸಿ ಮಾಡಿಕೊಂಡು ಮನೆ ಸೇರಿದರೆ ಅವ್ವನ ಬೈಗುಳ ಕಾದಿರುತ್ತಿತ್ತು. ಬೈಯುತ್ತಲೇ ಆಕೆ ನನ್ನ ಲಂಗಕ್ಕೆ ಕೈ ಹಾಕಿ ಕಾಯಿ ತೆಗೆದು ಸುಲಿಯುತ್ತಿದ್ದಳು.

ಅಂಥ ಒಂದು ಸುಗ್ಗಿಯಲ್ಲಿ ನಮ್ಮ ಶಾಲೆಯಲ್ಲಿ ಚರ್ಚಾಸ್ಪರ್ಧೆ ನಡೆಯಿತು. ನಾನಾಗ ಏಳನೇ ಕ್ಲಾಸು. ನಮ್ಮದು ಊರಿಂದ ಸ್ವಲ್ಪ ಆಚೆಗಿದ್ದ ಕುರಿಗಾರರ ಹಟ್ಟಿ. ಮುಂದೆ ಓದಬೇಕೆಂದರೆ ಚಳ್ಳಕೆರೆಗೆ ಹೋಗಿ ಹಾಸ್ಟೆಲಿನಲ್ಲಿ ಇರಬೇಕಿತ್ತು. ನನಗೆ ಓದುವ ಆಸೆ ಎಷ್ಟಿತ್ತೆಂದರೆ, ಹಾಸ್ಟೆಲ್ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಅಪ್ಪ ಓದಿನ ವಿರೋಧಿಯೇನಲ್ಲ. ಅವನ ತಕರಾರು ನನ್ನ ಬಾಯಿಯ ಬಗ್ಗೆ.

"ಅಲ್ರೀ ಟೀಚರಮ್ಮ, ಇವಳು ಬಾಯಿ ಸತ್ತೋಳು," ಅಂತ ನಮ್ಮ ಸರೋಜಮ್ಮ ಟೀಚರಿಗೆ ಹೇಳಿದ. "ಅಂಗಡಿಗೆ ಕಳ್ಸಿದ್ರೆ ಬೆಲ್ಲ ಬೇಕು ಅಂತ ಕೇಳಾಕೆ ಹೆದರಿ ಬರಿಗೈಲಿ ವಾಪಸ್ ಬರ್ತಾಳೆ. ಪ್ಯಾಟೆಯಾಗೆ ಯಾರಾದ್ರೂ ಮುಂದಿನ ತಟ್ಟೆ ಕಿತ್ಕೊಂಡ್ರೆ ಸುಮ್ಕೆ ಉಪಾಸ ಮಲಗ್ತಾಳೆ. ಇಂಥೋಳ್ನ ಹೆಂಗೆ ಕಳ್ಸಲಿ, ನೀವೇ ಹೇಳ್ರಿ."

ಸುಳ್ಳಲ್ಲ. ನಾನು ಹಾಗೇ ಇದ್ದೆ.

"ಹಂಗಾದ್ರೆ ಶಾಲೆಗೆ ಬಂದು ನಿಮ್ಮ ಮಗಳು ಮಾತಾಡೋದು ಕೇಳ್ರಿ. ಆಮೇಲೆ ಹೇಳ್ರಿ," ಅಂದರು ಟೀಚರ್.

"ಆಗ್ಲಿ. ಕೇಳಿ ಹೇಳ್ತೀನಿ," ಅಂದ ಅಪ್ಪ. ಮುಗೀತಲ್ಲಪ್ಪ ನನ್ನ ಕಥೆ, ಅಂದುಕೊಂಡೆ ನಾನು.

ಟೀಚರ್ ಮೊದಲು ನಮಗೆ ಕೇಳಿದ್ದು ಒಂದೇ ಪ್ರಶ್ನೆ: "ಈ ಊರಾಗೆ ಜನ ಯಾವುದಕ್ಕೆ ಜಗಳ ಆಡ್ತಾರೆ?" ಇಡೀ ಕ್ಲಾಸು ಕೂಗಿತು, "ಕುರಿ ಶೇಂಗಾ ಹೊಲಕ್ಕೆ ನುಗ್ಗಿದ್ದಕ್ಕೆ!" ಸರಿ, ವಿಷಯ ಸಿಕ್ಕಿತು. 'ಈ ಸೀಮೆಗೆ ಕುರಿ ಮೇಲೋ, ಶೇಂಗಾ ಮೇಲೋ' ಅಂತ ಬೋರ್ಡಿನ ಮೇಲೆ ಬರೆದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಎದುರಾಳಿಯ ಮಾತಿಗೆ ಉತ್ತರ ಕೊಡಬೇಕೇ ಹೊರತು ಅವರಪ್ಪನನ್ನು ಎಳೆದು ತರಬಾರದು. ಗಂಟೆ ಹೊಡೆದರೆ ಅರ್ಧ ವಾಕ್ಯದಲ್ಲಿದ್ದರೂ ನಿಲ್ಲಿಸಬೇಕು. ಯಾರು ಯಾವ ಕಡೆ ಅನ್ನುವುದು ಚೀಟಿ ಎತ್ತಿದ ಮೇಲೆ. "ನಿಮ್ಮ ಮನೆ ಮಾತು ನೀವು ಆಡಾಕೆ ಚರ್ಚೆ ಯಾಕೆ ಬೇಕು? ಎದುರಿನೋರ ಮಾತು ನಿಮ್ಮ ಬಾಯಾಗೆ ಬರ್ಬೇಕು," ಅನ್ನುತ್ತಿದ್ದರು.

ನನಗೆ ಬಂದ ಚೀಟಿ ಶೇಂಗಾ. ಊರಿನ ದೊಡ್ಡ ಶೇಂಗಾ ಹೊಲದವರ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಕಾಯಿ ಹಾಕುತ್ತಿದ್ದ ಸಾವ್ಕಾರರ ಮಗ ಮಲ್ಲಿಕಾರ್ಜುನನಿಗೆ ಬಂದದ್ದು ಕುರಿ. ಇಬ್ಬರೂ ಅಳುಮೋರೆ ಹಾಕಿಕೊಂಡು ಹೋಗಿ, ಅದಲುಬದಲು ಮಾಡಿ ಅಂತ ಗೋಗರೆದೆವು. ಟೀಚರ್ ಜಪ್ಪಯ್ಯ ಅನ್ನಲಿಲ್ಲ.

ನನ್ನ ಸಂಕಟ ಸ್ವಲ್ಪ ಯೋಚಿಸಿ ನೋಡಿ. ಮಾತಾಡದಿದ್ದರೆ ಬಾಯಿ ಸತ್ತವಳು, ಹಾಸ್ಟೆಲ್ ಇಲ್ಲ. ಚೆನ್ನಾಗಿ ಮಾತಾಡಿದರೆ, ತುಂಬಿದ ಸಭೆಯಲ್ಲಿ ಅಪ್ಪನ ಎದುರಿಗೇ ಅಪ್ಪನ ಕುರಿಗಳನ್ನು ಹಳಿದವಳು, ಆಗಲೂ ಹಾಸ್ಟೆಲ್ ಇಲ್ಲ. ಅವ್ವನಿಗೆ ಹೇಳಿದೆ. ಆಕೆ ರೊಟ್ಟಿ ತಟ್ಟುತ್ತಾ, "ಚೀಟಿ ಗೀಟಿ ಅಂತ ಅಪ್ಪಂಗೆ ಈಗ್ಲೇ ಹೇಳಾಕೆ ಹೋಗ್ಬ್ಯಾಡ. ಹೇಳಿದ್ರೆ ಬರೋದೇ ಇಲ್ಲ ಅಂತಾನೆ," ಅಂದಳು.

ಮಲ್ಲಿಕಾರ್ಜುನ ಅಂದರೆ ನಮ್ಮ ಮಲ್ಲಿ. ಅವನಿಗೆ ಕುರಿಯ ಗಂಧಗಾಳಿ ಇಲ್ಲ, ನನಗೆ ಶೇಂಗಾದ ಲೆಕ್ಕಾಚಾರ ಗೊತ್ತಿಲ್ಲ. ಹಾಗಾಗಿ ನಾವಿಬ್ಬರೂ ಒಂದು ಉಪಾಯ ಮಾಡಿದೆವು. ಸಂಜೆ ಅವರ ಕಣದಲ್ಲಿ ಬಳ್ಳಿಯ ರಾಶಿಗೆ ಒರಗಿ ಕೂತು, ಹುರಿದ ಶೇಂಗಾ ಬೆಲ್ಲ ತಿನ್ನುತ್ತಾ, ನಾನು ಅವನಿಗೆ ಕುರಿ ಹೇಳಿಕೊಟ್ಟೆ, ಅವನು ನನಗೆ ಶೇಂಗಾ ಹೇಳಿಕೊಟ್ಟ.

"ಏನೇ ಚಿತ್ತಿ, ಕುರಿಗೆ ಮೇಲ್ಗಡೆ ಮುಂದಿನ ಹಲ್ಲೇ ಇರಲ್ವಂತೆ?" ಅಂತ ನನ್ನನ್ನು ಕೇಳಿದ.

"ಇರಲ್ಲ ಕಣೋ. ಬೇಕಾದ್ರೆ ನಮ್ಮ ಹಟ್ಟಿಗೆ ಬಂದು ಬಾಯಿ ತೆಗ್ದು ನೋಡು."

"ಅಯ್ಯಪ್ಪಾ, ಬ್ಯಾಡ. ನೀನು ಹೇಳಿದ್ಮೇಲೆ ಆಯ್ತು."

ಎದುರಾಳಿಗೆ ಹೀಗೆ ಮದ್ದುಗುಂಡು ಒದಗಿಸುವುದು ಸರಿಯೋ ತಪ್ಪೋ ನಮಗೆ ಗೊತ್ತಿರಲಿಲ್ಲ. ಒಟ್ಟಿನಲ್ಲಿ ಆ ಸಂಜೆಗಳು ಬಲು ಚೆನ್ನಾಗಿದ್ದವು.

ಸ್ಪರ್ಧೆಯ ದಿನ ಶಾಲೆಯ ಅಂಗಳದಲ್ಲಿ ಊರಿನ ಜನ, ಹಟ್ಟಿಯ ಜನ ಎಲ್ಲ ನೆರೆದಿದ್ದರು. ತೀರ್ಪು ಕೊಡಲು ಮೊಳಕಾಲ್ಮುರಿನಿಂದ ಹೈಸ್ಕೂಲು ಮೇಷ್ಟ್ರೊಬ್ಬರನ್ನು ಕರೆಸಿದ್ದರು. ಅಪ್ಪ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಬಂದು ಕೂತಿದ್ದ.

ಮೊದಲು ಮಲ್ಲಿ. ಕುರಿ ಗೊಬ್ಬರ, ಉಣ್ಣೆ, ಕಂಬಳಿ, ಹಾಲು ಅಂತ ಗಡಗಡ ಒಪ್ಪಿಸಿದ. ಆಮೇಲೆ, "ಕುರಿಯ ಮಾಂಸವೂ ಬಹಳ ರುಚಿ," ಅಂದವನೇ ಸಭೆಯಲ್ಲಿದ್ದ ತನ್ನ ಅಜ್ಜಿಯ ಮುಖ ನೋಡಿದ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ಅದು. "ಅಂತ ಕೇಳಿದ್ದೇನೆ," ಅಂತ ಮೆತ್ತಗೆ ಸೇರಿಸಿದ. ಜನ ಬಿದ್ದು ಬಿದ್ದು ನಕ್ಕರು, ಅಪ್ಪನೂ ನಕ್ಕ. ನನ್ನ ಹೆಸರು ಕರೆದಾಗಲೂ ಅವನ ಮುಖದ ಮೇಲೆ ಆ ನಗು ಇತ್ತು.

ನಾನು ಎದ್ದೆ. "ಮಾನ್ಯ ತೀರ್ಪುಗಾರರೇ," ಅಂದೆ, ಬಾಯಿಪಾಠದ ಮೊದಲ ಸಾಲೇ ಮರೆತುಹೋಯಿತು. ಆಗ ಮಲ್ಲಿ ಕೂತಲ್ಲಿಂದಲೇ ಬಾಯಿ ಆಡಿಸಿ ಮೊದಲ ಸಾಲು ತೋರಿಸಿದ, ಹಾಗೇ ಹಿಡಿದುಕೊಂಡೆ. ಶೇಂಗಾ ಈ ಕೆಂಪು ಮಣ್ಣಿಗೆ ಹೇಳಿ ಮಾಡಿಸಿದ ಬೆಳೆ, ಕಳೆ ತೆಗೆಯುವುದರಿಂದ ಕಾಯಿ ಬಿಡಿಸುವವರೆಗೆ ಊರಿನ ಹೆಂಗಸರಿಗೆಲ್ಲ ಕೂಲಿ, ಮಿಲ್ಲಿನವರಿಗೆ ಕೆಲಸ, ಬಡವನ ಒಗ್ಗರಣೆಗೆ ಎಣ್ಣೆ, ಅಂತ ಒಂದೊಂದೇ ಹೇಳಿದೆ. ಹೇಳುತ್ತಾ ಹೇಳುತ್ತಾ ಹೆದರಿಕೆ ಹೋಯಿತು. "ಕುರಿ ಇದ್ದೋರ ಮನೆಗಷ್ಟೇ ಕುರಿ, ಶೇಂಗಾ ಎಲ್ಲರ ಮನೆಗೂ," ಅಂದಾಗ ಚಪ್ಪಾಳೆ ಬಿತ್ತು.

ಅಪ್ಪ ನಗುತ್ತಿರಲಿಲ್ಲ. ಎದ್ದು ನಿಂತ. ಹೆಗಲ ಕಂಬಳಿ ತೆಗೆದು ನನ್ನ ಎದುರಿನ ನೆಲಕ್ಕೆ ಹಾಕಿದ.

ಮೇಷ್ಟ್ರಿಗೂ ಟೀಚರಿಗೂ ಏನೂ ಅರ್ಥವಾಗಲಿಲ್ಲ. ಹಟ್ಟಿಯವರಿಗೆಲ್ಲ ತಟ್ಟನೆ ಅರ್ಥವಾಯಿತು. ನಮ್ಮ ಹಟ್ಟಿಯಲ್ಲಿ ನ್ಯಾಯಕ್ಕೆ ಕೂತಾಗ ಒಂದು ಕಟ್ಟು ಇತ್ತು. ಒಬ್ಬನ ಮಾತು ಇನ್ನೊಬ್ಬನಿಗೆ ಒಪ್ಪದಿದ್ದರೆ ಕಂಬಳಿ ಕೆಳಗೆ ಹಾಕಿ ಪ್ರಶ್ನೆ ಕೇಳುತ್ತಿದ್ದ. ಮಾತಾಡಿದವನು ಉತ್ತರ ಕೊಡಲೇಬೇಕು. ಉತ್ತರ ಒಪ್ಪಿಗೆಯಾದರೆ ಹಾಕಿದವನೇ ಕಂಬಳಿ ಎತ್ತಿಕೊಳ್ಳುತ್ತಿದ್ದ, ಇಲ್ಲದಿದ್ದರೆ ಅದು ಅಲ್ಲೇ ಬಿದ್ದಿರುತ್ತಿತ್ತು. ಒಬ್ಬ ಹೆಂಗಸಿನ ಎದುರು ಯಾರೂ ಕಂಬಳಿ ಹಾಕಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಶಾಲೆಯ ಸ್ಪರ್ಧೆಯನ್ನು ಅಪ್ಪ ಹಟ್ಟಿಯ ನ್ಯಾಯ ಅಂತಲೇ ತಿಳಿದಿದ್ದ.

"ಯಜಮಾನ್ರೇ, ಕೂತ್ಕೊಳ್ರಿ, ಸಭಿಕರು ಮಾತಾಡಂಗಿಲ್ಲ," ಅಂತ ಟೀಚರ್ ಗಂಟೆ ಬಾರಿಸಿದರು. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ.

"ಶೇಂಗಾ ಮೇಲು ಅಂತೀಯಲ್ಲ. ಹೋದೊರ್ಷ ಮಳೆ ಬರ್ಲಿಲ್ಲ. ಶೇಂಗಾ ಸುಟ್ಟೋಯ್ತು. ನಿನ್ನ ಮೈಮ್ಯಾಲಿನ ಲಂಗ ತಂದಿದ್ದು ಯಾವುದವ್ವಾ? ಶೇಂಗಾನೋ, ಕುರಿನೋ?"

ನಮ್ಮದು ಆಂಧ್ರದ ಗಡಿ ಸೀಮೆ, ಸಿಟ್ಟು ಬಂದರೆ ಅಪ್ಪನ ಬಾಯಲ್ಲಿ ತೆಲುಗು ಬರುತ್ತಿತ್ತು. ಕೇಳಿದ್ದು ಕನ್ನಡದಲ್ಲಿ. ಹಾಗಾದರೆ ಇನ್ನೂ ಸಿಟ್ಟಿಗೆ ಹತ್ತಿಲ್ಲ, ಅಂತ ಆ ಗಾಬರಿಯಲ್ಲೂ ಹೊಳೆಯಿತು. ಸುಮ್ಮನೆ ಕೂತುಬಿಡಬಹುದಿತ್ತು. ಆದರೆ ಕಂಬಳಿ ಕೆಳಗೆ ಬಿದ್ದಿತ್ತಲ್ಲ!

"ಕುರಿ ಮಾರಿ ತಂದಿದ್ದು, ಅಪ್ಪ," ಅಂದೆ. "ಆದ್ರೆ ಕುರಿ ಮೇಯೋ ಕಾವಲಾಗೆ ಹುಲ್ಲೆಲ್ಲ ಒಣಗಿ ಹೋಗಿತ್ತಲ್ಲ, ಆ ಬ್ಯಾಸಿಗೆಯಾಗೆ ಕುರಿ ಏನು ತಿಂದು ಬದುಕಿದ್ವು? ಅದರ ಹಿಂದಿನ ವರ್ಷದ ಶೇಂಗಾ ಬಳ್ಳಿ ಹೊಟ್ಟು. ಸಾವ್ಕಾರ್ರ ಕಣದಿಂದ ನೀನೇ ಹೊತ್ಕೊಂಡು ಬಂದೆ. ನಾನೂ ಹೊತ್ತೆ. ಶೇಂಗಾ ಇಲ್ದಿದ್ರೆ ಮಾರಾಕೆ ಕುರಿನೇ ಇರ್ತಿರ್ಲಿಲ್ಲ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಾ ನಿಂತ. ಆಮೇಲೆ ನಿಧಾನ ಬಗ್ಗಿ, ಕಂಬಳಿ ಎತ್ತಿ, ಧೂಳು ಕೊಡವಿ, ಹೆಗಲಿಗೆ ಹಾಕಿಕೊಂಡು ಕೂತ. ಹಿಂದಿನಿಂದ ಹಟ್ಟಿಯ ಮುದುಕನೊಬ್ಬ "ಭಲಾ!" ಅಂದ.

ಬಹುಮಾನ ಮಾತ್ರ ಮಲ್ಲಿಗೆ ಹೋಯಿತು. ಗಂಟೆ ಹೊಡೆದ ಮೇಲೂ ಮಾತಾಡಿದ್ದು, ಸಭಿಕರ ಜತೆ ವಾದಕ್ಕಿಳಿದದ್ದು ನಿಯಮಕ್ಕೆ ವಿರುದ್ಧ ಅಂದರು ಮೇಷ್ಟ್ರು. ಸರಿಯಾದ ತೀರ್ಪೇ ಅದು. ಮಲ್ಲಿ ಬಹುಮಾನದ ಸೋಪಿನ ಡಬ್ಬಿ ಹಿಡಿದುಕೊಂಡು ಬಂದು, "ಅರ್ಧ ನಿಂದೂ ಕಣೇ, ಡಬ್ಬಿ ಹೆಂಗೆ ಮುರಿಯಾದು?" ಅಂತ ಪೆಚ್ಚಾಗಿ ನಿಂತ.

ಹಟ್ಟಿಯ ದಾರಿಯಲ್ಲಿ ಅಪ್ಪ ಮುಂದೆ, ನಾನು ಹಿಂದೆ. ಅವನು ತಿರುಗಿ ನೋಡದೆ ದಾಪುಗಾಲು ಹಾಕುತ್ತಿದ್ದ. ಕಂಬಳಿ ಎತ್ತಿದ್ದು ಸಭೆಯ ಮರ್ಯಾದೆಗೆ, ಮನೆಗೆ ಹೋದ ಮೇಲೆ ಇದೆ ನನಗೆ ಪೂಜೆ, ಅಂದುಕೊಂಡೆ. ಬಹುಮಾನವೂ ಹೋಯಿತು, ಅಪ್ಪನ ಮಾನವೂ ಹೋಯಿತು, ಇನ್ನು ಹಾಸ್ಟೆಲ್ಲೆಲ್ಲಿ? ಮೂಗು ಸೊರ್ ಅನ್ನತೊಡಗಿತು. ಹಳ್ಳ ದಾಟಿದ ಮೇಲೆ ಅಪ್ಪ ನಿಂತ.

"ಆ ಹಾಸ್ಟೆಲ್‌ನಾಗೆ ಹೊದಿಯಾಕೆ ಅವರೇ ಕೊಡ್ತಾರೋ, ನಾವೇ ಕಳಿಸ್ಬೇಕೋ?"

ನನಗೆ ಅಳು ಕಿತ್ತುಕೊಂಡು ಬಂತು.

"ಎದುರಿಗೆ ಅಪ್ಪ ನಿಂತ್ರೂ ಉತ್ರ ಕೊಟ್ಟೆ, ಈಗ ಬಾಯಿ ಬಿಡಲ್ವಲ್ಲೇ!" ಅಂತ ನಕ್ಕ. "ಹೋಗ್ತೀಯಾ?"

"ಹೋಗ್ತೀನಿ," ಅಂದೆ. ಎದೆಯ ಮೇಲಿನ ಬಂಡೆ ಇಳಿಯಿತು ಅನ್ನುತ್ತಾರಲ್ಲ, ಅದು ಏನೆಂದು ನನಗೆ ಆಗ ಗೊತ್ತಾಯಿತು. ಆ ದಿನ ಮನೆಯಲ್ಲಿ ಮುದ್ದೆ, ಶೇಂಗಾ ಚಟ್ನಿ. ಅಪ್ಪ ಎರಡನೇ ಸಲ ಚಟ್ನಿ ಹಾಕಿಸಿಕೊಂಡಾಗ ಅವ್ವ ನನ್ನ ಕಡೆ ನೋಡಿ ಸೆರಗು ಅಡ್ಡ ಹಿಡಿದು ನಕ್ಕಳು.

ಈಗ ಮೊಳಕಾಲ್ಮುರಿನ ಹೈಸ್ಕೂಲೊಂದರಲ್ಲಿ ನಾನೇ ಟೀಚರ್, ಚರ್ಚಾಸ್ಪರ್ಧೆ ನಡೆಸುವುದೂ ನಾನೇ. ಚೀಟಿ, ಗಂಟೆ, ತೀರ್ಪುಗಾರರು ಎಲ್ಲ ಹಾಗೇ ಇವೆ. ಮಕ್ಕಳು ನನಗಿಂತ ಎಷ್ಟೋ ಪಾಲು ಚೆನ್ನಾಗಿ ಮಾತಾಡುತ್ತಾರೆ. ಅಪ್ಪ ಅಮ್ಮಂದಿರು ಮುಂದಿನ ಸಾಲಲ್ಲಿ ಕೂತು ಮೊಬೈಲ್ ಎತ್ತಿ ಹಿಡಿದು ವಿಡಿಯೊ ಮಾಡಿಕೊಳ್ಳುತ್ತಾರೆ. ಮಗು ಏನು ಹೇಳಿದರೂ ಚಪ್ಪಾಳೆ. ಹೇಳಿದ್ದು ಸರಿಯೋ ತಪ್ಪೋ, ಅದು ಯಾರಿಗೂ ತಾಗುವುದೇ ಇಲ್ಲ.

ಅಪ್ಪ ಹೋಗಿ ಕೆಲವು ವರ್ಷವಾಯಿತು. ರಜೆಗೆ ಹಟ್ಟಿಗೆ ಹೋದರೆ ನನ್ನ ಮಾತಿಗೆ ಎಲ್ಲರೂ ಹೂಂ ಅನ್ನುತ್ತಾರೆ. ಟೀಚರಮ್ಮ ಹೇಳಿದ ಮೇಲೆ ಮುಗೀತು ಅನ್ನುತ್ತಾರೆ. ಒಳ್ಳೆಯವರೇ, ಪ್ರೀತಿಯಿಂದಲೇ ಅನ್ನುತ್ತಾರೆ. ಅಷ್ಟು ಸುಲಭವಾಗಿ ಗೆದ್ದ ಮೇಲೆ ನನಗೆ ಅಪ್ಪನ ನೆನಪಾಗಿ ಊಟ ರುಚಿಸುವುದಿಲ್ಲ.