ಊಟದ ಮೇಲೆ ಕಾಫಿ ಬೇಡ ಅಂದವಳು

ಕಳೆದ ಭಾನುವಾರ ನಾನೊಂದು ಘೋರ ಅಪರಾಧ ಮಾಡಿದೆ. ಹೆಗ್ಗದ್ದೆಯ ನಮ್ಮ ಚಿಕ್ಕತ್ತೆ ಮನೆಯಲ್ಲಿ ಕಡುಬು, ಕೋಳಿ ಸಾರು ಗಡದ್ದಾಗಿ ಹೊಡೆದು, ಕೈ ತೊಳೆದು ಬಂದವಳು, ಮುಂದೆ ಹಿಡಿದ ಲೋಟ ನೋಡಿ "ಈಗ ಕಾಫಿ ಬೇಡ" ಅಂದೆ.

ಜಗುಲಿಯಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು.

ಇದೇನು ಮಹಾ ಅನ್ನಿಸಿತೇ? ಹಾಗಾದರೆ ನಿಮಗೆ ಸಕಲೇಶಪುರದ ಕಡೆ ನೆಂಟರಿಲ್ಲ. ನಮ್ಮಲ್ಲಿ ಊಟ ಬೇಡ ಅಂದರೆ ಹೊಟ್ಟೆ ಸರಿಯಿಲ್ಲವೇನೋ ಅಂದುಕೊಳ್ಳುತ್ತಾರೆ. ಕಾಫಿ ಬೇಡ ಅಂದರೆ ಏನು ಮುನಿಸು ಅಂತ ಕೇಳುತ್ತಾರೆ. ಅದೂ ಅವರದೇ ತೋಟದ ಬೀಜ, ಅವರೇ ಮುಂದೆ ನಿಂತು ಹುರಿಸಿ ಪುಡಿ ಮಾಡಿಸಿದ್ದು. ಲೋಟ ಸರಿಸಿದರೆ ಮನೆತನವನ್ನೇ ಸರಿಸಿದ ಲೆಕ್ಕ.

"ನಮ್ ಮನೆ ಕಾಫಿ ಅಷ್ಟು ಸಸಾರ ಆಗೋಯ್ತೇನೆ?" ಚಿಕ್ಕತ್ತೆ ಕೇಳಿದರು.

"ಎರಡು ಗಂಟೆ ಬಿಟ್ಟು ಕೊಡಿ ಚಿಕ್ಕತ್ತೆ. ಕುಡ್ಕೊಂಡೇ ಹೋಗ್ತೀನಿ," ಅಂದೆ. (ನಮ್ಮ ಯಜಮಾನರು ಆಗಲೇ ಚಪ್ಪಲಿ ಮೆಟ್ಟಿದ್ದರು. ಪಾಪ, ಮತ್ತೆ ಬಿಚ್ಚಿದರು.)

ಈ ಎರಡು ಗಂಟೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ನನ್ನ ಥೈರಾಯ್ಡ್ ಸೋಮಾರಿ ಅಂತ ಗೊತ್ತಾಗಿ ಕೆಲವು ವರ್ಷಗಳಾದವು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗುತ್ತೇನೆ. ಮೊದಮೊದಲು ಮೈ ಹಗುರಾಯಿತು, ರಿಪೋರ್ಟೂ ನಾರ್ಮಲ್ ಬಂತು. ಆಮೇಲೆ ರಿಪೋರ್ಟ್ ನಾರ್ಮಲ್ಲಾಗಿಯೇ ಉಳಿಯಿತು, ನಾನು ಉಳಿಯಲಿಲ್ಲ. ಮಧ್ಯಾಹ್ನವಾದರೆ ಕಾಲು ಎತ್ತಿಡಲಾಗದು. ಎಲ್ಲರೂ ಫ್ಯಾನ್ ಹಾಕಿಕೊಂಡು ಕೂತರೆ ನನಗೊಬ್ಬಳಿಗೆ ಸ್ವೆಟರ್. ಬಾಚಣಿಗೆ ತುಂಬ ಕೂದಲು. ಬಾಯಿಗೆ ಬರಬೇಕಾದ ಮಾತು ಅರ್ಧ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ವನಗೂರಿನ ನಮ್ಮ ತೋಟಕ್ಕೆ ಬಾಳ್ಳುಪೇಟೆಯ ಮನೆಯಿಂದ ಜೀಪ್ ಓಡಿಸಿಕೊಂಡು ಹೋಗುತ್ತಿದ್ದವಳು ನಾನು. ಮದುವೆಯಾದಾಗಿನಿಂದ ನನ್ನದೇ ಕೆಲಸ, ನನ್ನದೇ ಜಂಬ. ಒಂದು ದಿನ ಏರಿನ ತಿರುವಿನಲ್ಲಿ ಗಾಡಿ ನಿಲ್ಲಿಸಿಬಿಟ್ಟೆ. ಮುಂದೆ ಯಾವ ಗೇರ್ ಹಾಕಬೇಕು ಅಂತ ಹೊಳೆಯಲೇ ಇಲ್ಲ. ಹಿಂದೆ ಕೂತ ಕೆಲಸದ ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ಅಳು ಬಂತು.

ಅವತ್ತು ಸಂಜೆ ಯಜಮಾನರು ಕೀ ತೆಗೆದುಕೊಂಡರು. ಬೈಯಲಿಲ್ಲ. ಸ್ವಲ್ಪ ದಿನ ನಾನೇ ಓಡಿಸ್ತೀನಿ ಬಿಡು ಅಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ನನಗೆ ಆ ಕೀ ವಾಪಸ್ ಬೇಕಿತ್ತು, ಅಷ್ಟೇ.

ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಮುಖ ನೋಡಲಿಲ್ಲ, ಕಾಗದ ನೋಡಿದರು. ಎಲ್ಲಾ ನಾರ್ಮಲ್, ವಯಸ್ಸು, ಟೆನ್ಶನ್, ವಾಕಿಂಗ್ ಮಾಡಿ ಅಂದರು. (ವನಗೂರಿನ ತೋಟದಲ್ಲಿ ಹತ್ತಿ ಇಳಿಯುವವಳಿಗೆ ವಾಕಿಂಗ್!) ಮನೆಯಲ್ಲೂ ಅದೇ ರಾಗ. ಒಂದು ಮದುವೆ ಮನೆಯಲ್ಲಿ ನಾನು ಚಾಪೆ ಹುಡುಕಿ ಮಲಗಿದ್ದಾಗ ಇದೇ ಚಿಕ್ಕತ್ತೆ ನನಗೆ ಕೇಳಿಸುವ ಹಾಗೇ ಅಂದಿದ್ದರು: "ರಿಪೋರ್ಟ್ ಸರಿಯಾಗೇ ಐತಂತೆ. ಮೈಗಳ್ಳತನಕ್ಕೆ ಯಾವ ಮಾತ್ರೆ ಐತೆ ಮಾರಾಯ್ತಿ?"

ಸುಳ್ಳು ಹೇಳುತ್ತಿದ್ದೇನಾ ಅಂತ ನನಗೇ ಅನುಮಾನ ಬರತೊಡಗಿತು. ಸುಸ್ತಿಗಿಂತ ಕೆಟ್ಟದ್ದು ಅದು.

ಹಟ ಬಿಡದೆ ಹಾಸನಕ್ಕೆ ಹೋದೆ. ಅಲ್ಲಿಯ ಲೇಡಿ ಡಾಕ್ಟರ್ ಫೈಲ್ ಓದಿ, ಮುಚ್ಚಿ ಪಕ್ಕಕ್ಕಿಟ್ಟು, "ಈಗ ನೀವು ಹೇಳಿ" ಅಂದರು. ಹೇಳಿದೆ. ತಡೆಯದೆ ಕೇಳಿದರು. ಥೈರಾಯ್ಡ್ ಸರಿಯಿದ್ದರೆ ಸುಸ್ತಿಗೆ ಬೇರೆ ಕಾರಣ ಹುಡುಕೋಣ ಅಂತ ಇನ್ನಷ್ಟು ರಕ್ತ ತೆಗೆಸಿದರು. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ತಳ ಕಂಡಿತ್ತು.

ತಿಂಡಿ ಜೊತೆ ಏನು ಕುಡಿಯುತ್ತೀರಿ ಅಂತ ಕೇಳಿದರು. ಕಾಫಿ. ಊಟ ಆದ ಮೇಲೆ? ಕಾಫಿ. ಡಾಕ್ಟರ್ ಪೆನ್ ಕೆಳಗಿಟ್ಟು, "ಸಕಲೇಶಪುರದ ಕಡೆಯವರಾ?" ಅಂದರು.

ಊಟದ ಬೆನ್ನಿಗೇ ಕಾಫಿ ಬಿದ್ದರೆ ಅನ್ನದಲ್ಲಿದ್ದ, ಸೊಪ್ಪಿನಲ್ಲಿದ್ದ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತುವುದಿಲ್ಲವಂತೆ. ಕಾಫಿ ಬಿಡಬೇಕಿಲ್ಲ, ಊಟದಿಂದ ಎರಡು ಗಂಟೆ ದೂರ ಇಡಬೇಕು. ಐರನ್ ಮಾತ್ರೆ ಕೊಟ್ಟರು. ಅದನ್ನು ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಬೇಕಂತೆ. ಅಂದಿನಿಂದ ನನ್ನ ಹೊಟ್ಟೆಯಲ್ಲಿ ಶಿರಾಡಿ ಘಾಟಿಯ ಒನ್‌ವೇ: ಒಬ್ಬರು ದಾಟಿದ ಮೇಲೆ ಇನ್ನೊಬ್ಬರು. (ಇದು ನನ್ನ ಕಥೆ. ನಿಮ್ಮ ಸುಸ್ತಿಗೆ ಕಾರಣ ಬೇರೆಯೇ ಇರಬಹುದು. ಅಂಕಣ ಓದಿ ಮಾತ್ರೆ ನುಂಗಬೇಡಿ, ಡಾಕ್ಟರನ್ನು ಕೇಳಿ.)

ಮಾರನೇ ದಿನಕ್ಕೇ ಎದ್ದು ಕುಣಿದೆ ಅಂದರೆ ನಂಬಬೇಡಿ. ತಿಂಗಳುಗಟ್ಟಲೆ ಹಿಡಿಯಿತು. ಈಗಲೂ ಚಳಿ ಬಿಟ್ಟಿಲ್ಲ. ಕೆಲವು ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಲೇಬೇಕು, ಯಾರ ಅಪ್ಪಣೆಯನ್ನೂ ಕೇಳದೆ ಮುಚ್ಚುತ್ತೇನೆ. ಆದರೆ ತಲೆ ತಿಳಿಯಾಗಿದೆ, ಕಾಲು ನನ್ನ ಮಾತು ಕೇಳುತ್ತಿದೆ. ಹೋದ ತಿಂಗಳು ಯಜಮಾನರ ಮುಂದೆ ಕೈ ಚಾಚಿ ಕೀ ಕೇಳಿದೆ. ಕೊಟ್ಟರು. ವನಗೂರಿನ ಅದೇ ತಿರುವನ್ನು ಸೆಕೆಂಡ್ ಗೇರಿನಲ್ಲಿ ಹತ್ತಿಸಿದಾಗ ಹಿಂದೆ ಕೂತ ಹೆಂಗಸರು ಹೋ ಅಂತ ಕೂಗಿದರು. ನಾನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಭಾನುವಾರ ಹೆಗ್ಗದ್ದೆಗೂ ನಾನೇ ಡ್ರೈವರ್. (ಪಕ್ಕದ ಸೀಟಿನ ಯಜಮಾನರು ದಾರಿಯುದ್ದಕ್ಕೂ ಇಲ್ಲದ ಬ್ರೇಕ್ ತುಳಿಯುತ್ತಿದ್ದರು.)

ಸರಿ, ಎರಡು ಗಂಟೆ ಕಳೆಯಿತು. ಕಾಫಿ ಕೇಳಲು ಅಡುಗೆಮನೆಗೆ ಹೋದೆ. ಚಿಕ್ಕತ್ತೆ ಒಬ್ಬರೇ ಇದ್ದರು, ಹಾಲು ಕಾಯಲಿಟ್ಟು ಗೋಡೆಗೊರಗಿ ಕೂತಿದ್ದರು. ಮೈಗಳ್ಳತನದ ಮಾತಿಗೆ ಉತ್ತರ ಕೊಡಲು ಇದೇ ಸಮಯ ಅಂತ ನಾಲಿಗೆ ಮಸೆದುಕೊಂಡೇ ಹೋಗಿದ್ದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು. "ನಂಗೂ ಮಧ್ಯಾಹ್ನ ಆದ್ರೆ ಕೈಕಾಲು ಬಿದ್ದೋಗ್ತವೆ ಕಣೆ. ನನ್ ರಿಪೋರ್ಟೂ ನಾರ್ಮಲ್ಲೇ ಐತೆ. ಯಾರಿಗೆ ಹೇಳಾದು?"

ಮಸೆದ ನಾಲಿಗೆ ಒಳಗಿಟ್ಟು ಅವರ ಪಕ್ಕ ಕೂತೆ. ಬೇರೆಯವರನ್ನು ಮೈಗಳ್ಳಿ ಅಂದವರು ತಮ್ಮನ್ನು ಏನೆಂದುಕೊಂಡು ಇಷ್ಟು ದಿನ ಕೆಲಸ ಎಳೆದರೋ! ಸೋಮವಾರ ಹಾಸನಕ್ಕೆ ರೆಡಿಯಾಗಿರಿ, ನಾನೇ ಬಂದು ಕರೆದುಕೊಂಡು ಹೋಗ್ತೀನಿ ಅಂದೆ. ಆಗಲಿ ಅಂತ ತಲೆಯಾಡಿಸಿ ಮುಖ ಆಚೆ ತಿರುಗಿಸಿಕೊಂಡರು.

ನಿಮ್ಮ ಮನೆಯಲ್ಲೂ ಒಬ್ಬಳ ರಿಪೋರ್ಟ್ ನಾರ್ಮಲ್ ಬಂದಿರುತ್ತದೆ. ಅದನ್ನು ಮಡಿಸಿ ಒಳಗಿಡುವ ಮುಂಚೆ "ನೀನು ಹೇಗಿದ್ದೀಯ" ಅಂತ ಅವಳನ್ನು ಒಂದು ಸಲ ಕೇಳಿದರೆ ನಿಮ್ಮ ಗಂಟೇನು ಹೋಗುತ್ತದೆ?