ಧರ್ಮಪಾಲರ ಬೂದು ಯುದ್ಧನೌಕೆ

ಗಂಡನಿಗೆ ಬಣ್ಣಗಳು ಸರಿಯಾಗಿ ಕಾಣುವುದಿಲ್ಲವೆಂದು ಹರಿಣಾಕ್ಷಿಗೆ ತಿಳಿದದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಅದೂ ಮಗಳ ಆಟದ ಸಾಮಾನಿನಿಂದ.

ಆಗ ಅವರ ಸಂಸಾರ ಠಾಣೆಯ ಹಿನ್ನೀರಾದ ಕಳವಾ ಖಾಡಿಯ ಹತ್ತಿರದ ಚಾಳಿನ ಒಂದು ಕೋಣೆಯಲ್ಲಿತ್ತು. ಧರ್ಮಪಾಲರು ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಕ್ಯಾಂಟೀನು ನೋಡಿಕೊಳ್ಳುತ್ತಿದ್ದರು. ಮಗಳು ರಮಿತಾಳ ಹುಟ್ಟುಹಬ್ಬಕ್ಕೆ ಠಾಣೆಯ ಪೇಟೆಯಿಂದ ಒಂದು ಡಬ್ಬಿ ಪ್ಲಾಸ್ಟಿಕ್ ಬ್ಲಾಕ್ಸ್ ತಂದರು, ಒಂದರ ಮೇಲೊಂದು ಒತ್ತಿ ಕೂರಿಸುವ ಪುಟ್ಟ ಇಟ್ಟಿಗೆಗಳು. ಮಗಳಿಗೆ ನಾಲ್ಕೇ ದಿನದಲ್ಲಿ ಬೇಸರ ಬಂತು. ಅಪ್ಪನಿಗೆ ಬರಲಿಲ್ಲ. ಒಂದು ಭಾನುವಾರ ಊಟ ಮುಗಿಸಿ ನೆಲದ ಮೇಲೆ ಕೂತವರು ಚಹಾದ ಹೊತ್ತಿಗೆ ಯುದ್ಧನೌಕೆಯನ್ನೇ ಕಟ್ಟಿ ನಿಲ್ಲಿಸಿದ್ದರು. ಮುಂದೆ ತೋಪು, ನಡುವೆ ಗೋಪುರ.

“ಹೇಗುಂಟು? ಪೂರಾ ಬೂದು. ನೇವಿಯವರದ್ದು ಹೀಗೇ ಇರುವುದು.”

ಹರಿಣಾಕ್ಷಿ ನಗು ತಡೆಯಲಾಗದೆ ಸೆರಗನ್ನು ಬಾಯಿಗೊತ್ತಿಕೊಂಡಳು. “ಎಂಥ ಬೂದು ಮಾರಾಯ್ರೆ! ಅರ್ಧಕ್ಕರ್ಧ ಗುಲಾಬಿ ಉಂಟು!”

ಧರ್ಮಪಾಲರು ನಗಲಿಲ್ಲ. ಆವತ್ತು ಮೊದಲ ಸಲ ಆ ಹಳೆಯ ಕತೆ ಹೇಳಿದರು. ಹರೆಯದಲ್ಲಿ ನೇವಿಗೆ ಸೇರಲು ಹೋಗಿದ್ದರಂತೆ. ಓಟದಲ್ಲಿ ಪಾಸು, ಪರೀಕ್ಷೆಯಲ್ಲೂ ಪಾಸು. ಕೊನೆಗೆ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಇದರೊಳಗೆ ಯಾವ ಅಂಕಿ ಇದೆ ಎಂದು ಕೇಳಿದರು. ಇವರಿಗೆ ಬರೀ ಚುಕ್ಕೆಗಳೇ ಕಂಡವು. ತಮ್ಮೂರು ಮಲ್ಪೆಗೆ ಮರಳಿ ಮುಖ ತೋರಿಸಲಾಗದೆ ಚಿಕ್ಕಪ್ಪನ ಹೋಟೆಲಿಗೆಂದು ಠಾಣೆಗೆ ಬಂದವರು ಇಲ್ಲೇ ಉಳಿದುಬಿಟ್ಟರು.

ಮುಂದಿನ ಭಾನುವಾರ ಹರಿಣಾಕ್ಷಿ ತಾನೇ ಪಕ್ಕದಲ್ಲಿ ಬಂದು ಕೂತಳು. ಶ್ರೀಖಂಡದ ಖಾಲಿ ಡಬ್ಬಗಳಲ್ಲಿ ಬಣ್ಣ ಬಣ್ಣ ಬೇರೆ ಮಾಡಿಟ್ಟಳು. ಅವರು ಕೈ ಚಾಚಿದರೆ ಇವಳು ಬೂದು ಕೊಡುವಳು. ಸ್ವಭಾವತಃ ಮಾತು ಕಡಿಮೆಯ ಮನುಷ್ಯ. ಆ ಹೊತ್ತಿನಲ್ಲಿ ಮಾತ್ರ ಬಾಯಿ ಬಿಡುತ್ತಿದ್ದರು. ಹುಡುಗನಾಗಿದ್ದಾಗ, ದೂರದಲ್ಲಿ ಲಂಗರು ಹಾಕಿದ ಯುದ್ಧನೌಕೆ ನೋಡಲೆಂದು ಯಾರದೋ ದೋಣಿ ಹತ್ತಿ ಹೋದದ್ದು, ಅಲ್ಲಿಂದ ಒಬ್ಬ ನಾವಿಕ ಕೈ ಬೀಸಿದ್ದು. ಆ ಭಾನುವಾರಗಳನ್ನು ನೆನೆದರೆ ಹರಿಣಾಕ್ಷಿಗೆ ಈಗಲೂ ಮನಸ್ಸು ಹಗುರವಾಗುತ್ತದೆ.

ಎರಡು ಸಾವಿರದ ಐದರ ಜುಲೈ ಮಳೆಗೆ ಖಾಡಿಯ ನೀರು ಚಾಳಿಗೆ ನುಗ್ಗಿತು. ಮಗಳನ್ನು ಎತ್ತಿಕೊಂಡು ಮಹಡಿಯವರ ಮನೆಗೆ ಓಡಿದರು. ನೀರಿಳಿದ ಮೇಲೆ ಬಂದು ನೋಡಿದರೆ ಕಪಾಟು ಮಗುಚಿ ಬಿದ್ದಿತ್ತು, ಅದರ ಮೇಲಿದ್ದ ಹಡಗು ಒಡೆದು ಬ್ಲಾಕ್ಸ್ ಎಲ್ಲ ಕೊಚ್ಚಿಹೋಗಿದ್ದವು.

“ಬಿಡು, ಆಟದ ಸಾಮಾನು ಅಷ್ಟೆ,” ಎಂದು ಧರ್ಮಪಾಲರು ಗೋಡೆ ಉಜ್ಜಲು ನಿಂತರು. ಆದರೆ ಕಪಾಟಿನ ಕಡೆಗೆ ಮುಖ ತಿರುಗಿಸಲೇ ಇಲ್ಲ.

ಎದುರು ಕೋಣೆಯಲ್ಲಿ ಮರಗಮ್ಮ ಇದ್ದಳು, ಗುಲ್ಬರ್ಗದ ಕಡೆಯವಳು. ಮರುದಿನ ಮಡಿಲು ತುಂಬ ಏನನ್ನೋ ಹೊತ್ತು ಬಂದಳು. “ಇವು ನಿಮ್ಮವ ಅಲ್ಲೇನ್ರಿ ಅಕ್ಕಾ? ನಮ್ಮ ಮೋರ್ಯಾಗ ಸಿಕ್ಕಾವ ನೋಡ್ರಿ.” ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಗಟಾರದಲ್ಲಿ, ಚಪ್ಪಲಿಯೊಳಗೆ, ಮಂಚದಡಿ ಸಿಕ್ಕಿದ್ದನ್ನೆಲ್ಲ ತಮ್ಮ ಮನೆಯ ಕೆಸರು ಬಳಿಯುವ ನಡುವೆಯೇ ತಂದುಕೊಟ್ಟರು.

ಹರಿಣಾಕ್ಷಿ ಹಿಟ್ಟು ಕಲಸುವ ಪರಾತದಲ್ಲಿ ಸುರಿದು ಆರಿಸಲು ಕೂತಳು. ಕೆಸರು ಮೆತ್ತಿ ಯಾವುದು ಯಾವ ಬಣ್ಣವೆಂದು ತಿಳಿಯಲೇ ಇಲ್ಲ.

“ಇಕೊಳ್ಳಿ, ಈಗ ನನಗೂ ಎಲ್ಲ ಒಂದೇ!” ಎಂದಳು.

ಧರ್ಮಪಾಲರು ತಿರುಗಿ ನೋಡಿದರು. ಮೊದಲು ತುಟಿ ಅದುರಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಬ್ಬರೂ ಬಕೀಟಿನ ಮುಂದೆ ಕೂತು ತೊಳೆದರು. ಹೊಸ ಹಡಗು ಮೊದಲಿನಷ್ಟು ಉದ್ದ ಬರಲಿಲ್ಲ. ಬೂದು ಸಾಲದೆ ಬಂದಾಗ, “ಗುಲಾಬಿಯೇ ಕೊಡು, ನನಗದು ಬೂದೇ ಅಲ್ವಾ,” ಎಂದರು.

ರಮಿತಾ ಕಾಲೇಜಿಗೆ ಹೋಗುವ ಹೊತ್ತಿಗೆ ಡೊಂಬಿವಲಿಯಲ್ಲಿ ಫ್ಲ್ಯಾಟು ಆಯಿತು. ಮಗಳು ಸಾಮಾನಿನ ಟೆಂಪೋ ಹತ್ತಿದಳು. ಅದರ ಕುಲುಕಾಟಕ್ಕೆ ಹಡಗನ್ನು ಒಪ್ಪಿಸಲು ಹರಿಣಾಕ್ಷಿಗೆ ಮನಸ್ಸಾಗಲಿಲ್ಲ. ಹಳೆಯ ದುಪ್ಪಟ್ಟಾ ಹೊದಿಸಿ, ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟಳು. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿದಾಗ, ದುಪ್ಪಟ್ಟಾದೊಳಗೆ ಇಣುಕಿದ್ದ ಪಕ್ಕದ ಮರಾಠಿ ಹೆಂಗಸು ಎದ್ದು ನಿಂತು, “ಅಗ ಸರಕಾ, ಜಹಾಜ್ ಆಹೆ!” ಹಡಗಿದೆ, ಸರಿಯಿರಿ ಎಂದು ಕೈ ಅಡ್ಡ ಹಿಡಿದಳು. ನಕ್ಕರೂ ಎಲ್ಲರೂ ಜಾಗ ಬಿಟ್ಟರು.

ಡೊಂಬಿವಲಿಯಲ್ಲಿ ಇಳಿದಾಗ ಧರ್ಮಪಾಲರು ಗಂಡಸರ ಡಬ್ಬಿಯಿಂದ ಜನರನ್ನು ಸರಿಸುತ್ತ ಓಡಿಬಂದರು. ಅಂಗಿಯ ಗುಂಡಿ ಕಿತ್ತುಹೋಗಿತ್ತು.

“ನಿನಗೆ ಎಲ್ಲಿಯೂ ತಾಗಲಿಲ್ಲ ಅಲ್ವಾ?” ಎಂದು ಕೇಳಿದರು.

ಅವಳು ಇಲ್ಲವೆಂದು ತಲೆಯಾಡಿಸಿದ ಮೇಲೆಯೇ ದುಪ್ಪಟ್ಟಾದ ಅಂಚು ಎತ್ತಿ ನೋಡಿದರು.