ಸುಬೇದಾರ ಕಾಕಾ ಸಡಿಲಿಸಿದ ಚಿಲಕ

ಎಡಗೈಯಲ್ಲಿ ಅವರಿಗೆ ಮೂರೇ ಬೆರಳು. ಕಿರುಬೆರಳು, ಉಂಗುರದ ಬೆರಳು ಬುಡದಿಂದಲೇ ಇರಲಿಲ್ಲ. ಆ ಜಾಗದ ಚರ್ಮ ನುಣ್ಣಗೆ ಮಿರುಗುತ್ತಿತ್ತು. ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ ಆ ಮೂರು ಬೆರಳಲ್ಲೇ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದರು. ಅಂಗಡಿಯವನು ಗೊಣಗಿದರೆ ಅದೇ ಕೈಯೆತ್ತಿ ನಮಸ್ಕಾರ ಮಾಡುವರು. ಅವನು ಬಾಯಿ ಮುಚ್ಚಿಕೊಂಡು ಬಿಲ್ಲು ಹಾಕುತ್ತಿದ್ದ.

ಅವರು ನಮ್ಮ ಪಕ್ಕದ ಮನೆಯವರು. ಬೆಳಗಾವಿ ಕಡೆಯವರು, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ದೇಶ ಬಿಟ್ಟು ಇಲ್ಲಿ ಮಗಳ ಮನೆಗೆ ಬಂದಿದ್ದರು. ಬೀದಿಯ ಕನ್ನಡದವರಿಗೆಲ್ಲ ಅವರು ಕಾಕಾ. ಸೈನ್ಯದಲ್ಲಿ ಅವರ ಕೆಲಸವೆಂದರೆ ಹಳೆಯ ಶೆಲ್ಲು, ಸಿಡಿಯದೆ ಉಳಿದ ಗ್ರೆನೇಡುಗಳನ್ನು ಹುಡುಕಿ, ಗುಂಡಿಯಲ್ಲಿಟ್ಟು ನಾಶ ಮಾಡುವುದು. ಎರಡು ಬೆರಳು ಹೋದದ್ದೂ ಅಲ್ಲೇ. ಅದರ ಬಗ್ಗೆ ಕೇಳಿದರೆ, ಉಳಿದ ಎಂಟು ಇನ್ನೂ ಕೆಲಸಕ್ಕೆ ಬರುತ್ತವೆ ಎಂದು ನಗುತ್ತಿದ್ದರು.

ಕಾಕಾಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಏನು ಮಾಡುವ ಮೊದಲೂ ಅದನ್ನು ಬಾಯಿಬಿಟ್ಟು ಹೇಳುವುದು. ಈಗ ಗ್ಯಾಸ್ ಹಚ್ಚತೀನಿ. ಈಗ ಚಹಾಪುಡಿ ಹಾಕತೀನಿ. ಈಗ ಬಾಗಿಲಾ ತಗೀತೀನಿ. ಮೊಮ್ಮಗಳು, "ಅಜ್ಜ ಈಸ್ ನರೇಟಿಂಗ್ ಅಗೇನ್," ಎಂದು ಕಣ್ಣು ಹೊರಳಿಸುತ್ತಿದ್ದಳು. ನನಗೂ ವಯಸ್ಸಿನ ಅರಳುಮರಳು ಅನಿಸಿತ್ತು. ಒಮ್ಮೆ ಚಹಾ ಕುಡಿಯುತ್ತಾ ಅವರೇ ಕಾರಣ ಹೇಳಿದರು. ಅವರ ತುಕಡಿಯಲ್ಲಿ ಶೆಲ್ಲಿನ ಮೇಲೆ ಕೈಯಿಡುವವನು ಒಬ್ಬ. ದೂರದಲ್ಲಿ ಮರಳಿನ ಚೀಲಗಳ ಹಿಂದೆ ಕೂತು ಬರೆದುಕೊಳ್ಳುವವನು ಇನ್ನೊಬ್ಬ. ಕೈಯಿಡುವವನು ಮುಂದಿನ ಹೆಜ್ಜೆಯನ್ನು ಮೊದಲು ಕೂಗಿ ಹೇಳಬೇಕು, ಆಮೇಲೆ ಮಾಡಬೇಕು. ಅವನು ಸತ್ತರೆ, ಯಾವ ಹೆಜ್ಜೆ ಇಡಬಾರದೆಂದು ಮುಂದೆ ಬರುವವನಿಗೆ ಗೊತ್ತಾಗಲಿ ಎಂದು.

"ಹೇಳಿ ಮಾಡೂದು ಕಲಿ ತಮ್ಮಾ," ಎಂದರು. "ಹೇಳಲಾರದ ಮಾಡಿದ್ರ ಹಿಂದ ಬರಾಂವಗ ಏನೂ ತಿಳಿಯೂದಿಲ್ಲ."

ನಾನೋ, ಮೈಸೂರಿನವನು. ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದರೆ ನನಗೆ ಮೊದಲಿನಿಂದಲೂ ಮೈಮುರಿಯುವ ಕೆಲಸ. ಹೂಂಗುಟ್ಟಿ ಚಹಾ ಮುಗಿಸಿದೆ.

ನಾನು ಆಗ, ಈಗಲೂ, ಪಕ್ಕದ ನೆವಾರ್ಕಿನ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರು. ಹೊಲಗಳಿಗೆ ಡ್ರೋನು ಮಾಡುತ್ತೇವೆ. ಗಿಲ್‌ರಾಯ್ ಕಡೆಯ ಬೆಳ್ಳುಳ್ಳಿ ಹೊಲಗಳ ಮೇಲೆ ಹಾರಿ ಔಷಧಿಯ ಪೊಟ್ಟಣಗಳನ್ನು ಬೀಳಿಸುವುದು ಅದರ ಕೆಲಸ. ಅದರ ಹೊಟ್ಟೆಯಡಿ ಪೊಟ್ಟಣವನ್ನು ಹಿಡಿದಿಟ್ಟು ಬಿಡುವ ಒಂದು ಚಿಲಕ, ಅದು ನನ್ನ ಡಿಸೈನು. ಒಂದು ಚಳಿಗಾಲದಲ್ಲಿ, ಹಿಮ ಬೀಳುವ ಒಂದು ದೂರದ ದೇಶದಿಂದ ನಮಗೆ ಈಮೇಲು ಬಂತು. ಅಲ್ಲಿ ಯುದ್ಧ. ಸೈನಿಕರ ಬಳಿ ಹೊಸ ಮದ್ದುಗುಂಡಿಲ್ಲ. ಗೋದಾಮಿನ ಮೂಲೆಗಳಲ್ಲಿ ಉಳಿದಿದ್ದ ಮುದಿ ಗ್ರೆನೇಡು, ಶೆಲ್ಲುಗಳನ್ನು ನಮ್ಮ ಡ್ರೋನಿಗೆ ಕಟ್ಟಿ ಶತ್ರುವಿನ ಮೇಲೆ ಬೀಳಿಸುತ್ತಿದ್ದರು. ಎಲ್ಲ ಚೆನ್ನಾಗಿದೆ, ಚಳಿಗೆ ಚಿಲಕ ಮಾತ್ರ ಕಚ್ಚಿಕೊಳ್ಳುತ್ತದೆ, ಸರಿಮಾಡಿಕೊಡಿ ಎಂದು ಕೇಳಿದ್ದರು. ಮ್ಯಾನೇಜರು ಮೀಟಿಂಗಿನಲ್ಲಿ ಅದನ್ನು ಓದಿ ನನ್ನ ಮುಖ ನೋಡಿದ.

ಎರಡು ವಾರ ಒದ್ದಾಡಿದೆ. ಆಗಲಿಲ್ಲ. ಒಂದು ಭಾನುವಾರ ಚಿಲಕವನ್ನು ಜೇಬಲ್ಲಿ ಹಾಕಿಕೊಂಡು ಕಾಕಾನ ಗ್ಯಾರೇಜಿಗೆ ಹೋದೆ. ಗಿಲ್‌ರಾಯ್ ಬೆಳ್ಳುಳ್ಳಿ ಹೊಲದಲ್ಲಿ ಇದು ಸಿಕ್ಕಿಕೊಳ್ಳುತ್ತಿದೆ ಎಂದೆ. ಸುಳ್ಳಿಗೊಂದು ಸಾಕ್ಷಿ ಇರಲಿ ಎಂದು, ಗಿಲ್‌ರಾಯ್ ರಸ್ತೆಬದಿಯ ಅಂಗಡಿಯಲ್ಲಿ ಕೊಂಡಿದ್ದ ಬೆಳ್ಳುಳ್ಳಿಯ, ದಂಟುಗಳನ್ನು ಹೆಣೆದ ಒಂದು ದೊಡ್ಡ ಜಡೆಯನ್ನೂ ಒಯ್ದಿದ್ದೆ. ಅಷ್ಟು ದೂರ ಡ್ರೈವ್ ಮಾಡಿದ್ದೇ ಅದಕ್ಕಾಗಿ. ನಾಚಿಕೆಗೇಡು.

ಕಾಕಾ ಚಿಲಕವನ್ನು ಫ್ರೀಜರಿನಲ್ಲಿ ತೆಂಗಿನತುರಿಯ ಪೊಟ್ಟಣದ ಪಕ್ಕ ಇಟ್ಟರು. ಮಧ್ಯಾಹ್ನದ ಊಟವಾದ ಮೇಲೆ ತೆಗೆದು, ಮೂರು ಬೆರಳುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ ಆಡಿಸಿ ನೋಡಿದರು. ಈಗ ಅರ ತಗೋತೀನಿ ಎಂದರು. ಈಗ ಇಲ್ಲಿ ಒಂದ್ ಕೂದಲೆಳಿಯಷ್ಟು ಸವರತೀನಿ ಎಂದರು. ಸವರಿ ಮತ್ತೆ ಫ್ರೀಜರಿಗಿಟ್ಟು ತೆಗೆದರು. ಚಿಲಕ ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು. ನನಗೆ ಎಂಥ ಖುಷಿ! ಅವರು ಮಾತ್ರ ಅದನ್ನು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದರು.

"ಬಳ್ಳೊಳ್ಳಿ ಹೊಲದಾಗ ಇಷ್ಟ್ ಥಂಡಿ ಎಲ್ಲೈತ್ಯೋ?"

"ಬೆಳಗಿನ ಜಾವ ಇರುತ್ತೆ ಕಾಕಾ," ಎಂದೆ.

ಅವರು ಚಿಲಕವನ್ನು ನನ್ನ ಅಂಗೈಯಲ್ಲಿಟ್ಟರು. ಈಗ ನಿನಗ ಕೊಟ್ಟೆ ಎಂದರು. ನಾನು ಥ್ಯಾಂಕ್ಸ್ ಹೇಳಿ ಹೊರಟುಬಂದೆ.

ಕಾಕಾ ಸವರಿದ ಅಳತೆಯಲ್ಲೇ ಹೊಸ ಚಿಲಕಗಳನ್ನು ಮಾಡಿ ಕಳಿಸಿದೆವು. ಒಂದೂವರೆ ತಿಂಗಳಿಗೆ ಆ ಸೈನಿಕರು ವಿಡಿಯೋ ಕಳಿಸಿದರು. ಆಫೀಸಿನ ದೊಡ್ಡ ಪರದೆಯ ಮೇಲೆ ಹಾಕಿದೆವು. ಹಿಮದಲ್ಲಿ ತೋಡಿದ ಒಂದು ಹಳ್ಳ, ಅದರಲ್ಲಿ ಕೂತಿದ್ದವನೊಬ್ಬ ಬೂಟು ಬಿಚ್ಚಿ ಕಾಲು ಉಜ್ಜಿಕೊಳ್ಳುತ್ತಿದ್ದ. ಡ್ರೋನಿನ ಸದ್ದು ಕೇಳಿಸಿತೇನೋ, ತಲೆಯೆತ್ತಿದ. ಚಿಲಕ ಬಿಚ್ಚಿಕೊಂಡಿತು. ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳೇಕೆ, ನಾನೂ ತಟ್ಟಿದೆ. ಫ್ರೀವೇಯಲ್ಲಿ ಮನೆಗೆ ಬರುವಾಗ ಆ ಬರಿಗಾಲು ಕಣ್ಣಮುಂದೆ ಬಂದು ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಅದಾದ ಕೆಲವೇ ದಿನಕ್ಕೆ ಕಾಕಾ ಟಿವಿಯಲ್ಲಿ ಅದೇ ಯುದ್ಧದ ಸುದ್ದಿ ನೋಡುತ್ತಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ಮನೆಯ ನೆಲಮಾಳಿಗೆಯಲ್ಲಿ ಹುಡುಗರು ಹಳೆಯ ಶೆಲ್ಲುಗಳನ್ನು ಟೇಪಿನಿಂದ ಡ್ರೋನಿಗೆ ಕಟ್ಟುತ್ತಿದ್ದರು. ಒಬ್ಬ ಸಿಗರೇಟು ಸೇದುತ್ತಿದ್ದ. ಕಾಕಾ ಮುಂದಕ್ಕೆ ಬಾಗಿ ಅವರ ಕೈಗಳನ್ನೇ ನೋಡುತ್ತಿದ್ದರು.

"ನಾವು ಮಣ್ಣಾಗ ಹಾಕಿದ್ದನ್ನ ಇವರು ಮ್ಯಾಲೆ ಹಾರಸ್ತಾರ," ಎಂದರು. ಕಣ್ಣು ತೆಗೆಯದೆಯೇ, "ಹುಡುಗೂರ ತಪ್ಪಲ್ಲದು. ಮನಿ ಬಾಗಿಲಿಗೆ ವೈರಿ ಬಂದ್ರ ಕೈಗೆ ಸಿಕ್ಕಿದ್ದು ಕಟ್ಟತಾರ. ಆದ್ರ ಹಿಂಗ ಕಟ್ಟೂವಾಗ ಎಷ್ಟ್ ಕೈ ಹೋದ್ವೋ, ಯಾರ್ ಬರಕೊಂಡಾರ?"

ಅವರು ಟಿವಿಯ ದನಿ ತಗ್ಗಿಸಿ, ನಿನ್ನ ಬಳ್ಳೊಳ್ಳಿ ಹೊಲ ಹೆಂಗದಾವು ಎಂದು ಕೇಳಿದರು. ಆಗ ನಿಜ ಹೇಳಬಹುದಿತ್ತು. ಎರಡು ವಾಕ್ಯ ಸಾಕಿತ್ತು. ಬೈದರೆ ಬೈಯುತ್ತಿದ್ದರು, ಹೊಡೆದರೆ ಹೊಡೆಯುತ್ತಿದ್ದರು, ಅಷ್ಟೇ ತಾನೆ? ಚೆನ್ನಾಗಿವೆ ಕಾಕಾ ಎಂದೆ. ಆಮೇಲೆ ಅವರ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಕಸದ ಡಬ್ಬಿ ಹೊರಗಿಡಲು ಹೋದಾಗ ಅವರ ಗ್ಯಾರೇಜು ತೆರೆದಿದ್ದರೆ ಒಳಗೇ ನಿಂತು, ಮುಚ್ಚಿದ ಮೇಲೆ ಇಡುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಅವರಿಗೆ ಹೃದಯಾಘಾತವಾಯಿತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಕೊನೆಯ ಬೆಳಿಗ್ಗೆಯೂ, ಈಗ ನೀರು ಕುಡೀತೀನಿ ಎಂದು ಹೇಳಿಯೇ ಕುಡಿದರಂತೆ. ನಾನು ಹೋಗಿರಲಿಲ್ಲ. ಆಫೀಸಿನಲ್ಲಿ ಕೆಲಸವಿದೆ ಎಂದು ಹೆಂಡತಿಗೆ ಹೇಳಿ, ಅಲ್ಲಿಯ ಪಾರ್ಕಿಂಗ್ ಲಾಟಿನಲ್ಲಿ ಸುಮ್ಮನೆ ಕೂತಿದ್ದೆ.

ಕರ್ಮಗಳೆಲ್ಲ ಮುಗಿದ ಮೇಲೆ ಅವರ ಮಗಳು ಗ್ಯಾರೇಜು ಖಾಲಿ ಮಾಡುತ್ತಿದ್ದರು. ಸಹಾಯಕ್ಕೆ ಹೋದೆ. ಹೋಗದೆ ಇರಲು ಇನ್ನು ನೆಪ ಉಳಿದಿರಲಿಲ್ಲ. ಕಾಕಾನ ಅರ, ಸುತ್ತಿಗೆಗಳ ಮೇಲೆ ಒಂದು ಮೊಳೆಯಲ್ಲಿ ನಾನು ಕೊಟ್ಟಿದ್ದ ಬೆಳ್ಳುಳ್ಳಿಯ ಜಡೆ ಹಾಗೆಯೇ ತೂಗುತ್ತಿತ್ತು. ಒಂದು ಗಡ್ಡೆಯನ್ನೂ ಕಿತ್ತಿರಲಿಲ್ಲ. ಕೆಲವು ಒಣಗಿ ಸುಕ್ಕಾಗಿದ್ದವು, ಕೆಲವು ಹಸಿರು ಮೊಳಕೆ ಬಿಟ್ಟಿದ್ದವು.

"ಚಟ್ನಿ ಮಾಡತೀನಿ ಅಂತ ಎಷ್ಟ್ ಸರ್ತಿ ಕೇಳಿದೆ ನೋಡ್ರಿ, ಅಪ್ಪಾ ಮುಟ್ಟಗೊಡಲಿಲ್ಲ," ಎಂದರು ಮಗಳು. "ಆಂವಾ ಬಂದು ಏನೋ ಹೇಳಾಂವ ಅದಾನ, ಹೇಳಿದ ಮ್ಯಾಲೆ ತಿನ್ನೂಣು ಅಂತಿದ್ರು. ಏನ್ ಹೇಳಾವ್ರಿದ್ರಿ ನೀವು?"

ಏನಿಲ್ಲ ಎಂದೆ. ಅಲ್ಲಿಯೂ ಸುಳ್ಳೇ. ಜಡೆಯನ್ನು ನನಗೇ ಕೊಟ್ಟುಕಳಿಸಿದರು. ಅದೀಗ ನಮ್ಮ ಗ್ಯಾರೇಜಿನಲ್ಲಿದೆ. ನಾನಿನ್ನೂ ಅದೇ ಆಫೀಸಿಗೆ ಹೋಗುತ್ತೇನೆ, ಆ ಚಿಲಕ ಇನ್ನೂ ಆ ಯುದ್ಧಕ್ಕೆ ಹೋಗುತ್ತದೆ, ಕಾಕಾ ಸವರಿದ ಆ ಕೂದಲೆಳೆಯ ಜಾಗ ಪ್ರತಿಯೊಂದರಲ್ಲೂ ಇದೆ.

ಅದು ಬೆಳ್ಳುಳ್ಳಿ ಹೊಲಕ್ಕಾಗಿರಲಿಲ್ಲ, ಕಾಕಾ. ಗ್ರೆನೇಡು ಬೀಳಿಸುವುದಕ್ಕೆ. ನಿಮಗೆ ಹೇಳದೆ ನಿಮ್ಮ ಕೈಯಿಂದ ಮಾಡಿಸಿದೆ. ಮಾಡಿ ಆದ ಮೇಲೆ ಹೇಳುತ್ತಿದ್ದೇನೆ.